ಕಾಲಡಿಯ ಜಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸ್‌ಮೆಂಟ್, ಸಂಪು, ಸುರಂಗ, ಯುಜಿಡಿ (ನೆಲದಡಿಯ ಒಳಚರಂಡಿ) ಕುರಿತು ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನ ತಾಪತ್ರಯಗಳ ಮೂಲ ನೀರು. ಉಳಿದವುಗಳ ಮೂಲ, ನೆಲದೊಳಗೆ ಏನಿದೆ ಎಂದು ಯಾರೂ ಬರೆದಿಡದೇ ಇರುವುದು.

ಪ್ರಶ್ನೆ: ಪಕ್ಕದ 40–60ರ ಸೈಟಿನಲ್ಲಿ ಎರಡು ಬೇಸ್‌ಮೆಂಟಿಗೆ ಅಗೆಯಲು ಹೊರಟಿದ್ದಾರೆ. ನಮ್ಮದು ಸೈಜುಗಲ್ಲಿನ ಪಾಯದ ಹಳೆಯ ಮನೆ. ಕಾಂಪೌಂಡಿಗೂ ಗೋಡೆಗೂ ನಡುವೆ ಮೂರೇ ಅಡಿ. ನಾವು ಅವರನ್ನು ಏನು ಕೇಳಬೇಕು, ನಾವು ಏನು ಮಾಡಿಟ್ಟುಕೊಳ್ಳಬೇಕು, ಕಾನೂನು ಏನು ಹೇಳುತ್ತದೆ?
(ಬಸವೇಶ್ವರನಗರ, ಬೆಂಗಳೂರು)

ಉತ್ತರ: ಮೊದಲು ಲೆಕ್ಕ. ನಿಮ್ಮ ಪಾಯದ ತಳ ಸುಮಾರು ನಾಲ್ಕು ಅಡಿ, ಅಂದರೆ 1.2 ಮೀಟರ್ ಆಳದಲ್ಲಿದೆ ಅಂದುಕೊಳ್ಳಿ. ಎರಡು ಬೇಸ್‌ಮೆಂಟಿಗೆ ಗುಂಡಿ ಆರೂವರೆ ಮೀಟರಾದರೂ ಇಳಿಯುತ್ತದೆ. ಪಾಯದ ತಳದ ಅಂಚಿನಿಂದ ಗುಂಡಿಯ ಕಡೆಗೆ 45 ಡಿಗ್ರಿಯಲ್ಲಿ ಇಳಿಜಾರು ಗೆರೆ ಎಳೆದರೆ, ಅದು ಗುಂಡಿಯ ತಳದ ಮಟ್ಟ ಮುಟ್ಟುವುದು 5.3 ಮೀಟರ್ ಆಚೆ. ಗುಂಡಿಯ ಅಂಚು ಅದಕ್ಕಿಂತ ಹತ್ತಿರವಿದ್ದರೆ, ನಿಮ್ಮ ಮನೆಯ ಭಾರ ಹೊತ್ತ ಮಣ್ಣನ್ನೇ ಅವರು ತೆಗೆಯುತ್ತಿದ್ದಾರೆ ಎಂದರ್ಥ. ನಿಮ್ಮ ಮೂರು ಅಡಿಗೆ ಅವರು ಗಡಿಯಿಂದ ಬಿಡುವ ಜಾಗ (ಸೆಟ್‌ಬ್ಯಾಕ್) ಸೇರಿಸಿದರೂ ಆ ದೂರ ಸಿಗುವುದಿಲ್ಲ. ಹಾಗಾಗಿ ಮಣ್ಣಿಗೆ ಆಧಾರ ಕಟ್ಟದೆ ಅಗೆಯುವ ಮಾತೇ ಇಲ್ಲ. 'ಬೆಂಗಳೂರಿನ ಕೆಮ್ಮಣ್ಣು ಗಟ್ಟಿ, ನೆಟ್ಟಗೆ ನಿಲ್ಲುತ್ತದೆ' ಎಂದು ಮೇಸ್ತ್ರಿ ಹೇಳಬಹುದು. ನಿಲ್ಲುತ್ತದೆ ನಿಜ, ಮೊದಲ ದೊಡ್ಡ ಮಳೆಯವರೆಗೆ.

ಕೇಳಬೇಕಾದ ಮೊದಲ ಕಾಗದ ಮಣ್ಣು ಪರೀಕ್ಷೆಯ ವರದಿ, ಎರಡನೆಯದು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಶೋರಿಂಗ್ (ಮಣ್ಣು ತಡೆಯುವ ಆಧಾರ) ನಕ್ಷೆ. ನಮ್ಮ ಕಡೆ ಸಾಮಾನ್ಯವಾಗಿ ಮೂರು ವಿಧ ನಡೆಯುತ್ತದೆ: ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು (ಪೈಲ್) ಒಂದಕ್ಕೊಂದು ತಾಗಿಸಿ ಹಾಕುವ ಟಚ್ ಪೈಲ್, ಬಿಟ್ಟುಬಿಟ್ಟು ಹಾಕಿ ನಡುವೆ ಹಲಗೆ ಅಥವಾ ಕಾಂಕ್ರೀಟ್ ತುಂಬುವ ಸೋಲ್ಜರ್ ಪೈಲ್, ಮತ್ತು ಸಾಯಿಲ್ ನೇಲಿಂಗ್. ಮೇಲೆ ಯಾವ ಹಿಡಿತವೂ ಇಲ್ಲದೆ ನೆಟ್ಟಗೆ ನಿಂತ ಪೈಲ್ ನಾಲ್ಕೈದು ಮೀಟರ್ ಆಳದವರೆಗೆ ಸರಿ. ಆರೂವರೆಗೆ ಅಡ್ಡ ತೊಲೆಯೋ, ಹಿಂದಿನ ನೆಲಕ್ಕೆ ಬಿಗಿದು ಹಿಡಿಯುವ ಆಂಕರೋ ಬೇಕು, ಇಲ್ಲದಿದ್ದರೆ ಪೈಲಿನ ತಲೆ ಗುಂಡಿಯತ್ತ ಬಾಗುತ್ತದೆ. ಅದರ ಹಿಂದೆಯೇ ನಿಮ್ಮ ಗೋಡೆ ಬಿರುಕು ಬಿಡುತ್ತದೆ.

ಸಾಯಿಲ್ ನೇಲಿಂಗ್ ಅಗ್ಗ, ಬೇಗ ಮುಗಿಯುತ್ತದೆ. ಆದರೆ ಇಲ್ಲೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗುಂಡಿಯ ಬದಿಯಿಂದ ನಿಮ್ಮ ಕಡೆಗೆ ಸುಮಾರು 100 ಮಿಲಿಮೀಟರ್ ರಂಧ್ರ ಕೊರೆದು, 20 ಅಥವಾ 25 ಮಿ.ಮೀ. ಕಂಬಿ ತೂರಿಸಿ ಸಿಮೆಂಟ್ ಗ್ರೌಟ್ (ತೆಳು ಕಲಸು) ತುಂಬುತ್ತಾರೆ. ಒಂದರಿಂದ ಒಂದೂವರೆ ಮೀಟರಿಗೊಂದು ನೇಲ್, ಪ್ರತಿಯೊಂದರ ಉದ್ದ ಗುಂಡಿಯ ಆಳದ ಮುಕ್ಕಾಲರಷ್ಟಾದರೂ. ಎಂದರೆ ಐದು ಮೀಟರಿನ ಕಂಬಿ ನಿಮ್ಮ ಮನೆಯ ಅಡಿಯಲ್ಲಿ ಬಂದು ಕೂರುತ್ತದೆ. ನಾಳೆ ನೀವು ಸಂಪು ತೆಗೆಯುವಾಗ, ಬೋರ್ ಕೊರೆಸುವಾಗ, ಮನೆ ಕೆಡವಿ ಕಟ್ಟುವಾಗ ಅದು ಅಡ್ಡ ಬರುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಹಾಕುವಂತಿಲ್ಲ. ಒಪ್ಪುವುದಾದರೆ ಎಷ್ಟು ಸಾಲು, ಎಷ್ಟು ಉದ್ದ, ಯಾವ ಮಟ್ಟದಲ್ಲಿ ಎಂಬ ನಕ್ಷೆಯನ್ನು ಸಹಿ ಸಮೇತ ಪಡೆದು ಮನೆಯ ಪತ್ರಗಳ ಜೊತೆ ಇಡಿ.

ಅಗೆತ ಶುರುವಾಗುವ ಮುನ್ನ ನಿಮ್ಮ ಮನೆಯ ಪ್ರತಿ ಕೋಣೆಯ ಫೋಟೊ, ಇರುವ ಬಿರುಕುಗಳ ಪಕ್ಕ ಸ್ಕೇಲ್ ಹಿಡಿದು, ತಾರೀಖು ಸಮೇತ ತೆಗೆಯಿರಿ. ಪ್ರತಿಯೊಂದನ್ನು ನೆರೆಯವರಿಗೂ ಅವರ ಎಂಜಿನಿಯರಿಗೂ ಈಮೇಲ್ ಮಾಡಿ, ಆಗ ಅದು ದಾಖಲೆಯಾಗುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎಪಾಕ್ಸಿಯಿಂದ ಅಂಟಿಸಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ವಾದಕ್ಕೆ ಜಾಗವಿರುವುದಿಲ್ಲ. ಕೂದಲೆಳೆಯಷ್ಟು, ಒಂದು ಮಿಲಿಮೀಟರಿನೊಳಗಿನ ಬಿರುಕಿಗೆ ಗಾಬರಿ ಬೇಡ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ವಾರದಿಂದ ವಾರಕ್ಕೆ ಅಗಲವಾಗುವ ಬಿರುಕಾದರೆ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಸಬೇಕು. ಗೋಡೆಗಿಂತ ಮೊದಲು ಸೂಚನೆ ಕೊಡುವುದು ನೆಲ. ಅಂಗಳದಲ್ಲಿ ಗುಂಡಿಯ ಅಂಚಿಗೆ ಸಮಾನಾಂತರವಾಗಿ ಉದ್ದನೆಯ ಸೀಳು ಕಂಡರೆ ಅದೇ ದಿನ ಆ ಬದಿಯ ಕೋಣೆಗಳನ್ನು ಖಾಲಿ ಮಾಡಿ.

ಇನ್ನು ನಿಮ್ಮ ಕಡೆಯ ಕೆಲಸ. ಆ ಬದಿಯಲ್ಲಿ ನಿಮ್ಮ ಸಂಪು, ಯುಜಿಡಿ ಚೇಂಬರ್, ಬಚ್ಚಲ ಪೈಪು ಇದ್ದರೆ ಸೋರಿಕೆ ಇಲ್ಲವೆಂದು ಮೊದಲೇ ಪರೀಕ್ಷಿಸಿಕೊಳ್ಳಿ. ಒದ್ದೆ ಮಣ್ಣು ಭಾರವೂ ಹೆಚ್ಚು, ಬಲವೂ ಕಡಿಮೆ. ಎಷ್ಟೋ ಗುಂಡಿಗಳು ಕುಸಿದದ್ದು ಪಕ್ಕದ ಮನೆಯ ಒಡೆದ ಪೈಪಿನಿಂದ. ಅಗೆದ ಮಣ್ಣು, ಕಂಬಿಯ ರಾಶಿ, ಹಿಟಾಚಿ ಯಾವುದೂ ಗುಂಡಿಯ ಅಂಚಿನಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು ಅವರ ಹೊಣೆ.

ಕಾನೂನು ಕೇಳಿದ್ದೀರಿ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್, ನಿಮ್ಮ ನೆಲಕ್ಕೆ ಪಕ್ಕದ ನೆಲ ಸಹಜವಾಗಿ ಕೊಡುವ ಆಸರೆಯನ್ನು ನಿಮ್ಮ ಹಕ್ಕೆಂದು ಹೇಳುತ್ತದೆ. ಆದರೆ ಅದು ಸಹಜ ಸ್ಥಿತಿಯ ನೆಲದ ಮಾತು. ಮೇಲೆ ಹೊರಿಸಿದ ಮನೆಯ ಭಾರದ ಪ್ರಶ್ನೆ ಬೇರೆ, ಅಲ್ಲಿ ವಾದ ಉದ್ದವಾಗುತ್ತದೆ. ಫೋಟೊ, ಗಾಜಿನ ಪಟ್ಟಿ, ಈಮೇಲ್ ನೆರವಿಗೆ ಬರುವುದು ಆಗಲೇ.

ಕೊನೆಗೆ, ಬೇಸ್‌ಮೆಂಟ್ ಗೋಡೆ ಎದ್ದ ಮೇಲೆ ಗೋಡೆಗೂ ಶೋರಿಂಗಿಗೂ ನಡುವೆ ಉಳಿಯುವ ಸಂದು. ಅದಕ್ಕೆ ಇಟ್ಟಿಗೆ ಚೂರು, ಸಿಮೆಂಟ್ ಚೀಲ ತುಂಬಿ ಮೇಲೆ ಮಣ್ಣು ಮುಚ್ಚಿಬಿಡುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ನಿಮ್ಮ ಕಾಂಪೌಂಡ್ ಅತ್ತ ವಾಲುತ್ತದೆ. ಆರರಿಂದ ಎಂಟು ಇಂಚಿನ ಪದರವಾಗಿ ತುಂಬಿ ದಮ್ಮಸ್ಸು ಮಾಡುವವರೆಗೆ ಬಿಡಬೇಡಿ.

ಪ್ರಶ್ನೆ: ನಮ್ಮದೂ ಅದೇ ಕಥೆ, ಆದರೆ ಮಂಗಳೂರಿನಲ್ಲಿ. ಮೇಲೆ ಗಟ್ಟಿ ಮುರಕಲ್ಲು ಇದೆ, ಶೋರಿಂಗ್ ಬೇಡ ಅನ್ನುತ್ತಿದ್ದಾರೆ.
(ಮಂಗಳೂರು)

ಉತ್ತರ: ಮುರಕಲ್ಲಿನ ಕೆಳಗೆ ಏನಿದೆ ಎಂದು ಕೇಳಿ. ಕರಾವಳಿಯಲ್ಲಿ ಅದರಡಿ ಸಾಮಾನ್ಯವಾಗಿ ಇರುವುದು ಶೇಡಿ ಮಣ್ಣು. ಒಣಗಿದಾಗ ಗುದ್ದಲಿಗೆ ಬಗ್ಗದಷ್ಟು ಗಟ್ಟಿ, ನೀರು ಕುಡಿದರೆ ಕೆಸರು. ಮುರಕಲ್ಲು ತೂತುತೂತಾದ ಕಲ್ಲು, ಮಳೆನೀರನ್ನು ನೇರ ಕೆಳಕ್ಕೆ ಬಿಡುತ್ತದೆ. ಶೇಡಿ ಮಣ್ಣು ಆ ನೀರನ್ನು ಹಿಡಿದುಕೊಂಡು ಜಾರುತ್ತದೆ, ಆಗ ಮೇಲಿನ ಮುರಕಲ್ಲು ಹೆಂಟೆಹೆಂಟೆಯಾಗಿ ಗುಂಡಿಗೆ ಬೀಳುತ್ತದೆ. ಶೋರಿಂಗ್ ಶೇಡಿ ಮಣ್ಣಿನ ಪದರ ದಾಟಿ ಕೆಳಗೆ ಇಳಿಯಬೇಕು. ಅಗೆತ ನವೆಂಬರಿನಲ್ಲಿ ಶುರುವಾಗಿ, ಗೋಡೆ ನೆಲಮಟ್ಟಕ್ಕೆ ಮೇ ಒಳಗೆ ಬರಬೇಕು. ಜೂನ್‌ನಲ್ಲಿ ತೆರೆದ ಗುಂಡಿ ಇಟ್ಟುಕೊಳ್ಳುವ ಧೈರ್ಯ ಮಂಗಳೂರಿನಲ್ಲಿ ಯಾರೂ ಮಾಡಬಾರದು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ 1,200 ಅಡಿ ಕೊರೆದರೂ ಒಣಗಿದೆ. ಆದರೆ ಕೆಳಗಿನ ಬೇಸ್‌ಮೆಂಟಿನಲ್ಲಿ ವರ್ಷವಿಡೀ ನೀರು ಜಿನುಗುತ್ತದೆ. ಎರಡು ಸಲ 'ಕೆಮಿಕಲ್ ಕೋಟಿಂಗ್' ಮಾಡಿಸಿದೆವು, ಎರಡೂ ಸಲ ಎದ್ದುಬಂತು.
(ಬೆಳ್ಳಂದೂರು, ಬೆಂಗಳೂರು)

ಉತ್ತರ: ಎರಡೂ ಬೇರೆ ಬೇರೆ ನೀರು. ಬೋರ್‌ವೆಲ್ ಹುಡುಕುವುದು ಆಳದ ಬಂಡೆಯ ಸೀಳುಗಳಲ್ಲಿರುವ ನೀರನ್ನು. ಬಂಡೆಯ ಮೇಲೆ ಶಿಥಿಲ ಕಲ್ಲು ಮತ್ತು ಮಣ್ಣಿನ ಪದರವಿದೆಯಲ್ಲ, ಅದರಲ್ಲಿ ನಿಲ್ಲುವ ಮೇಲ್ನೀರು ಹಳೆಯ ಕೆರೆ ಬಯಲುಗಳಲ್ಲಿ ಕೆಲವೇ ಮೀಟರ್ ಕೆಳಗಿರುತ್ತದೆ. ನಿಮ್ಮ ಬೇಸ್‌ಮೆಂಟ್ ಕೂತಿರುವುದು ಅದರೊಳಗೆ.

ಮೊದಲು ಮೂಲ ಹುಡುಕಿ. ಮಳೆ ಬಂದ ಒಂದೆರಡು ಗಂಟೆಯಲ್ಲಿ ಜಿನುಗು ಹೆಚ್ಚಾದರೆ ಮೇಲಿನ ಅಂಗಳದ ಸ್ಲ್ಯಾಬ್ ಅಥವಾ ಮಳೆನೀರಿನ ಪೈಪು. ಮಳೆಗಾಲ ಶುರುವಾಗಿ ಕೆಲವು ವಾರಗಳಾದ ಮೇಲೆ ಹೆಚ್ಚಿ ಚಳಿಗಾಲದವರೆಗೂ ಮುಂದುವರಿದರೆ ಅಂತರ್ಜಲ. ಬೇಸಿಗೆ-ಮಳೆ ಭೇದವಿಲ್ಲದೆ ಒಂದೇ ಸಮನಿದ್ದರೆ ಸಂಪು ಅಥವಾ ಕೊಳವೆ. ನೀರಿನಲ್ಲಿ ಕರಗಿದ ಲವಣ ತೋರಿಸುವ ಒಂದು ಟಿಡಿಎಸ್ ಮೀಟರ್ ತಂದು ಜಿನುಗುವ ನೀರು, ಸಂಪಿನ ನೀರು, ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರು ಮೂರನ್ನೂ ಅಳೆಯಿರಿ. ಅಂಕಿ ಯಾವುದರ ಹತ್ತಿರ ಬರುತ್ತದೋ ಅತ್ತ ಮೊದಲು ನೋಡಿ. ಎಸ್‌ಟಿಪಿ ತೊಟ್ಟಿಯೇ ಸೋರುತ್ತಿದ್ದದ್ದು ಹೀಗೆ ಬಯಲಾಗುವುದುಂಟು.

ಒಳಗಿನಿಂದ ಬಳಿದ ಕೋಟಿಂಗ್ ಏಕೆ ಎದ್ದುಬರುತ್ತದೆ? ನೀರು ಗೋಡೆಯ ಹಿಂದಿನಿಂದ ತಳ್ಳುತ್ತಿದೆ. ಒಂದು ಮೀಟರ್ ನೀರಿನ ಎತ್ತರ ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತುತ್ತದೆ. ಬಣ್ಣದಂಥ ಪದರ ಆ ಒತ್ತಡಕ್ಕೆ ನಿಲ್ಲುವುದಿಲ್ಲ. ಜಲನಿರೋಧಕ ಹೊರಗಿನಿಂದ, ಕಟ್ಟುವಾಗಲೇ ಆಗಬೇಕಿತ್ತು. ಈಗ ಉಳಿದಿರುವುದು ನೀರು ಬರುವ ದಾರಿಯನ್ನೇ ತುಂಬುವುದು. ಸಾಮಾನ್ಯವಾಗಿ ಅದು ರಾಫ್ಟ್ (ಪಾಯದ ದಪ್ಪ ಕಾಂಕ್ರೀಟ್ ತಳ) ಮತ್ತು ಗೋಡೆ ಕೂಡುವ ಕೀಲು, ಒಂದು ದಿನದ ಕಾಂಕ್ರೀಟ್ ಮೇಲೆ ಇನ್ನೊಂದು ದಿನ ಸುರಿದ ಗೆರೆ, ಸೆಂಟ್ರಿಂಗ್ ಬಿಗಿಯಲು ತೂರಿಸಿದ ಟೈ ರಾಡ್ ತೂತು, ಪೈಪಿನ ಸ್ಲೀವ್. ಬಿರುಕಿನ ಎರಡೂ ಬದಿಯಿಂದ ಒಂದನ್ನು ಬಿಟ್ಟು ಒಂದರಂತೆ 150–200 ಮಿ.ಮೀ. ಅಂತರದಲ್ಲಿ, 45 ಡಿಗ್ರಿ ಓರೆಯಾಗಿ, ಗೋಡೆಯ ದಪ್ಪದ ನಡುವೆ ಬಿರುಕನ್ನು ಕತ್ತರಿಸುವಂತೆ ಕೊರೆದು ಪ್ಯಾಕರ್ (ಗ್ರೌಟ್ ಒತ್ತುವ ನಳಿಕೆ) ಕೂರಿಸಿ ಪಾಲಿಯುರೆಥೇನ್ ಗ್ರೌಟ್ ಒತ್ತಬೇಕು. ನೀರು ತಾಗಿದಾಗ ಅದು ನೊರೆಯಾಗಿ ಉಬ್ಬಿ ತುಂಬಿಕೊಳ್ಳುತ್ತದೆ. ಬಿರುಕಿನ ಮೇಲೆಯೇ ನೇರವಾಗಿ ಕೊರೆಯುವವರನ್ನು ವಾಪಸ್ ಕಳಿಸಿ, ಗ್ರೌಟ್ ಒಳಹೋಗದೆ ಮುಖದ ಮೇಲೆ ಚಿಮ್ಮುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬರುವುದು ಸಹಜ. ಎರಡು ಮೂರು ಸುತ್ತಿಗೆ ಒಪ್ಪಂದ ಮಾಡಿಕೊಳ್ಳಿ.

ಗೋಡೆಗಿಂತ ಮುಖ್ಯವಾದ ಮಾತು ನೆಲದ್ದು. ರಾಫ್ಟಿನ ತಳ ಏಳೂವರೆ ಮೀಟರ್ ಆಳದಲ್ಲಿದ್ದು, ನೀರು ಎರಡೂವರೆ ಮೀಟರಿಗೆ ಏರಿದೆ ಅಂದುಕೊಳ್ಳಿ. ಕೆಳಗಿನಿಂದ ಚದರ ಮೀಟರಿಗೆ ಐದು ಟನ್ ಮೇಲಕ್ಕೆ ಒತ್ತುತ್ತದೆ. ಮೇಲೆ ಹತ್ತು ಮಹಡಿ ಇರುವ ಕಡೆ ಚಿಂತೆಯಿಲ್ಲ. ಆದರೆ ಮೇಲೆ ಬರೀ ಉದ್ಯಾನವಿರುವ ಭಾಗ? 600 ಮಿ.ಮೀ. ರಾಫ್ಟ್ ಒಂದೂವರೆ ಟನ್, 200 ಮಿ.ಮೀ.ಯ ಎರಡು ಸ್ಲ್ಯಾಬ್ ಒಂದು ಟನ್, ಎರಡಡಿ ಮಣ್ಣು ಸುಮಾರು 1.1 ಟನ್. ಒಟ್ಟು 3.6. ಇನ್ನೂ 1.4 ಟನ್ ಕೊರತೆ. ಅದನ್ನು ಬಂಡೆಗೆ ಕಟ್ಟಿದ ಆಂಕರ್‌ಗಳೋ ರಾಫ್ಟಿನಡಿಯ ಚರಂಡಿ ಮತ್ತು ಪಂಪೋ ತೂಗಿಸಬೇಕು. ನಿಮ್ಮಲ್ಲಿ ನೆಲ ಉಬ್ಬಿ ಬಿರುಕು ಬಿಟ್ಟಿದ್ದರೆ, ಕಂಬಗಳ ನಡುವೆ ಟೈಲ್ಸ್ ಎದ್ದಿದ್ದರೆ ಆ ಜಿನುಗನ್ನು ಮುಚ್ಚಿಸಬೇಡಿ. ಸದ್ಯ ಒತ್ತಡ ಇಳಿಸುತ್ತಿರುವುದು ಅದೇ ಇರಬಹುದು. ಮೂಲ ನಕ್ಷೆಯಲ್ಲಿ ಮೇಲೊತ್ತಡದ ಲೆಕ್ಕ ನೋಡಿಸಿ ಆಮೇಲೆ ಮುಂದುವರಿಯಿರಿ.

ಪ್ರಶ್ನೆ: ಮನೆಯ ಮುಂದಿನ ಖಾಲಿ ಸಂಪು ಮಳೆಗಾಲದಲ್ಲಿ ಒಂದು ಬದಿ ಎರಡು ಇಂಚು ಮೇಲೆದ್ದಿದೆ. ಹೀಗಾಗಲು ಸಾಧ್ಯವೇ?
(ಶಿವಮೊಗ್ಗ)

ಉತ್ತರ: ಖಂಡಿತ. ಒಳ ಅಳತೆ 2 ಮೀಟರ್ ಉದ್ದಗಲ, 1.8 ಮೀಟರ್ ಎತ್ತರ, ಎಲ್ಲ ಕಡೆ 150 ಮಿ.ಮೀ. ಕಾಂಕ್ರೀಟ್ ಇರುವ ಸಂಪನ್ನು ತೆಗೆದುಕೊಳ್ಳಿ. ಅದರ ತೂಕ ಸುಮಾರು 9.8 ಟನ್. ಸುತ್ತ ನೆಲಮಟ್ಟಕ್ಕೆ ನೀರು ಬಂದರೆ ಅದು ಎತ್ತುವ ಬಲ 11.1 ಟನ್. ಸುತ್ತಲ ಮಣ್ಣಿನ ಹಿಡಿತವಷ್ಟೇ ಉಳಿದ ಆಧಾರ, ಅದೂ ಸಡಿಲವಾಗಿ ತುಂಬಿದ ಮಣ್ಣಾದರೆ ಲೆಕ್ಕಕ್ಕಿಲ್ಲ. ಸಾಲಿಡ್ ಬ್ಲಾಕಿನ ಸಂಪು ಇನ್ನೂ ಹಗುರ. ಒಳಗೆ ಒಂದಡಿಗಿಂತ ಸ್ವಲ್ಪ ಹೆಚ್ಚು ನೀರಿದ್ದರೆ ಈ ಲೆಕ್ಕ ಸರಿದೂಗುತ್ತದೆ, ಎರಡಡಿ ಇದ್ದರೆ ನಿಶ್ಚಿಂತೆ. ಮಳೆಗಾಲದಲ್ಲಿ ಸಂಪು ತೊಳೆಯಲು ಪೂರ್ತಿ ಖಾಲಿ ಮಾಡಬೇಡಿ. ಹೊಸದಾಗಿ ಕಟ್ಟುವವರು ತಳದ ಸ್ಲ್ಯಾಬನ್ನು ಗೋಡೆಯಿಂದ ಆಚೆ ಸುತ್ತಲೂ ಅರ್ಧ ಅಡಿ ಚಾಚಿದರೆ, ಅದರ ಮೇಲೆ ಕೂರುವ ಮಣ್ಣೇ ಹಿಡಿದಿಡುತ್ತದೆ. ಈಗ ಎದ್ದಿರುವ ಸಂಪಿನ ಕೆಳಗೆ ಪೊಳ್ಳು ಉಳಿದಿರುತ್ತದೆ. ನೀರು ಇಳಿದ ಮೇಲೆ ಅದಕ್ಕೆ ಗ್ರೌಟ್ ತುಂಬಿಸಿ, ಪೈಪ್ ಜೋಡಣೆಗಳನ್ನು ಬಿಚ್ಚಿ ನೋಡಿಸಿ.

ಕೇಳದಿದ್ದರೂ ಒಂದು ಮಾತು. ಹೊಸ ಸಂಪಿನ ಮುಚ್ಚಳದ ಸ್ಲ್ಯಾಬ್ ಹಾಕಿ ವಾರಗಟ್ಟಲೆ ಮುಚ್ಚಿಟ್ಟು, ಆಮೇಲೆ ಸೆಂಟ್ರಿಂಗ್ ಬಿಚ್ಚಲು ಒಬ್ಬರನ್ನು ಇಳಿಸುತ್ತಾರೆ. ಒದ್ದೆ ಮರ ಕೊಳೆತು ಒಳಗಿನ ಆಮ್ಲಜನಕ ಮುಗಿದಿರುತ್ತದೆ. ಇಳಿದವರು ಬೀಳುತ್ತಾರೆ, ಎತ್ತಲು ಹೋದವರೂ ಬೀಳುತ್ತಾರೆ. ಬ್ಲೋವರ್‌ನಿಂದ ಅರ್ಧ ಗಂಟೆಯಾದರೂ ಗಾಳಿ ಊದಿ, ಗ್ಯಾಸ್ ಮೀಟರಿನಿಂದ ಆಮ್ಲಜನಕ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತ ಮೇಲೆ ಇಳಿಯಬೇಕು. ಉರಿಯುವ ಮೇಣದಬತ್ತಿ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ, ಒಳಗೆ ಹತ್ತಿಕೊಳ್ಳುವ ಅನಿಲವಿದ್ದರೆ ಅದೇ ಕಿಡಿಯಾಗುತ್ತದೆ.

ಪ್ರಶ್ನೆ: ನಮ್ಮ ಬೀದಿಯಡಿ ಗುಲಾಬಿ ಮಾರ್ಗದ ಮೆಟ್ರೋ ಸುರಂಗ ಹೋಗಿದೆ. ಬೋರ್ ಕೊರೆಸಬಹುದೇ? ಅಂಗಳದಲ್ಲಿ ಮುಚ್ಚಿದ ಹಳೆಯ ಬಾವಿಯೂ ಇದೆ.
(ಟ್ಯಾನರಿ ರಸ್ತೆ, ಬೆಂಗಳೂರು)

ಉತ್ತರ: ಸುರಂಗದ ಮೇಲೂ ಅದರ ಪಕ್ಕದ ಪಟ್ಟಿಯಲ್ಲೂ ಬೋರ್ ಬೇಡವೇ ಬೇಡ. ಆರೂವರೆ ಇಂಚಿನ ಬಿಟ್ ಬಂಡೆಯನ್ನೇ ಪುಡಿಮಾಡುವಂಥದ್ದು, ಸುರಂಗದ ಕಾಂಕ್ರೀಟ್ ಉಂಗುರ ಅದಕ್ಕೆ ದೊಡ್ಡದಲ್ಲ. ಮೆಟ್ರೋ ಹತ್ತಿರ ಏನೇ ಕೊರೆಯುವುದಕ್ಕೂ, ಆಳದ ಪಾಯಕ್ಕೂ, ಮಹಡಿ ಏರಿಸುವುದಕ್ಕೂ ಮೊದಲು ಮೆಟ್ರೋ ನಿಗಮದ ನಿರಾಕ್ಷೇಪಣಾ ಪತ್ರ ಪಡೆಯಿರಿ. ಬೋರಿಗೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿಯ ಅನುಮತಿ ಬೇರೆ.

ಹಳೆಯ ಬಾವಿಯ ವಿಷಯ ಬರೆದದ್ದು ಒಳ್ಳೆಯದಾಯಿತು. ಬೆಂಗಳೂರಿನ ನೆಲ ಸುರಂಗ ಯಂತ್ರಕ್ಕೆ ಕಷ್ಟದ್ದು. ಯಂತ್ರ ಕೊರೆಯುವ ಒಂದೇ ಮುಖದಲ್ಲಿ ಕೆಳಗೆ ನೈಸ್ ಎಂಬ ಗಟ್ಟಿ ಬಂಡೆ, ಮೇಲೆ ಶಿಥಿಲ ಮಣ್ಣು, ನಡುವೆ ಗುಂಡುಕಲ್ಲು. ಕೆಳಗಿನ ಬಂಡೆಗೆ ಯಂತ್ರ ನಿಧಾನವಾಗಿ ತಿರುಗುತ್ತಿರುವಾಗ ಮೇಲಿನ ಮಣ್ಣು ಬೇಕಾದ್ದಕ್ಕಿಂತ ಹೆಚ್ಚು ಒಳಬಂದರೆ ಮೇಲೆ ಪೊಳ್ಳಾಗುತ್ತದೆ. ಅದನ್ನು ತಡೆಯುವುದು ಮುಖದ ಮೇಲೆ ಹಿಡಿದಿಟ್ಟ ಒತ್ತಡ. ದಾರಿಯಲ್ಲಿ ಯಾರೂ ದಾಖಲಿಸದ ಬೋರ್‌ವೆಲ್ಲೋ ಬಾವಿಯೋ ಸಿಕ್ಕಿದರೆ ಒತ್ತಡ ಅದರೊಳಗಿಂದ ಹೊರಟುಹೋಗುತ್ತದೆ, ಕೆಲವೊಮ್ಮೆ ಯಂತ್ರ ಬಳಸುವ ಬೆಂಟೊನೈಟ್ ಜೇಡಿಯ ಕೆಸರು ಮೇಲೆ ಚಿಮ್ಮುತ್ತದೆ, ಹಿಂದೆಯೇ ನೆಲ ಕುಸಿಯುತ್ತದೆ. ಈ ಮಾರ್ಗದ ಸುರಂಗ ಕೊರೆತ 2024ರ ಅಕ್ಟೋಬರಿನಲ್ಲಿ ಮುಗಿದಿದೆ. ಕುಸಿತದ ಬಹುಪಾಲು ಯಂತ್ರ ದಾಟುವಾಗ ಮತ್ತು ಆಮೇಲಿನ ಕೆಲವು ವಾರಗಳಲ್ಲೇ ಆಗುವುದರಿಂದ, ಈಗ ಹೊಸ ಬಿರುಕು ಕಂಡರೆ ಮೊದಲು ನಿಮ್ಮ ಯುಜಿಡಿ ಪೈಪನ್ನು ಅನುಮಾನಿಸಿ, ಆಮೇಲೆ ಸುರಂಗವನ್ನು.

ಬಾವಿಯನ್ನು ಕಸ ತುಂಬಿ ಮುಚ್ಚಿದ್ದರೆ ಅದು ಕೊಳೆತು ಇಳಿಯುತ್ತಲೇ ಇರುತ್ತದೆ. ಸಾಧ್ಯವಾದಷ್ಟು ಕಸ ತೆಗೆಸಿ, ತಳದಿಂದ ಜಲ್ಲಿ–ಮರಳು ಪದರವಾಗಿ ತುಂಬಿ, ಮೇಲಿನ ಎರಡು ಮೀಟರಿಗೆ ಸಿಮೆಂಟ್ ಬೆರೆತ ಮಣ್ಣು ದಮ್ಮಸ್ಸು ಮಾಡಿಸಿ. ಬಾವಿಯ ಜಾಗ, ವ್ಯಾಸ, ಆಳ ಬರೆದು ಮೆಟ್ರೋ ಕಚೇರಿಗೂ ಕೊಡಿ.

ಪ್ರಶ್ನೆ: ನಮ್ಮ ಹೊಸ ಬಡಾವಣೆಗೆ 30 ಅಡಿ ರಸ್ತೆಗಳು. ಡಾಂಬರು ಹಾಕಿದ ಮೇಲೆ ಮತ್ತೆ ಮತ್ತೆ ಅಗೆಯದಂತೆ ಎಲ್ಲವನ್ನೂ ಒಂದೇ ಕಾಂಕ್ರೀಟ್ ಸುರಂಗದಲ್ಲಿ ಹಾಕಬೇಕೆಂದು ಸಂಘದಲ್ಲಿ ಕೆಲವರ ಹಟ.
(ಮೈಸೂರು)

ಉತ್ತರ: ಆಸೆ ಸರಿ, ಅಳತೆ ತಪ್ಪು. ಮನುಷ್ಯ ನಡೆದಾಡುವ ಸಾಮೂಹಿಕ ಸುರಂಗ ಸಿಂಗಪುರದ ಮರೀನಾ ಬೇಯಲ್ಲಿದೆ, ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿದೆ. ಅಲ್ಲಿ ದೊಡ್ಡ ಕಟ್ಟಡಗಳ ದೊಡ್ಡ ಕೊಳವೆಗಳು, ಸುರಂಗಕ್ಕೆ ಗಾಳಿ, ದೀಪ, ಪಂಪು, ಕಾವಲು ನೋಡಿಕೊಳ್ಳುವ ಸಿಬ್ಬಂದಿ. ಮನೆಗಳ ಬಡಾವಣೆಗೆ ಇದು ಆನೆ ಸಾಕಿದಂತೆ. ಒಳಚರಂಡಿಯಂತೂ ಅದರೊಳಗೆ ಹೊಂದುವುದಿಲ್ಲ, ಅದಕ್ಕೆ ಸತತ ಇಳಿಜಾರು ಬೇಕು. ಎಂಟು ಇಂಚಿನ ಕೊಳವೆಗೆ 200ಕ್ಕೆ ಒಂದರ ಇಳಿಜಾರು ಕೊಟ್ಟರೆ 300 ಮೀಟರ್ ಬೀದಿಯ ತುದಿಯಲ್ಲಿ ಒಂದೂವರೆ ಮೀಟರ್ ಕೆಳಗೆ ಹೋಗಿರುತ್ತದೆ. ಶುರುವಿನಲ್ಲಿ ಒಂದು ಮೀಟರ್ ಇದ್ದದ್ದು ಕೊನೆಗೆ ಎರಡೂವರೆ. ಉಳಿದ ಕೊಳವೆಗಳು ಅದರ ಹಿಂದೆ ಕೆಳಗಿಳಿಯುವ ಅಗತ್ಯವೇ ಇಲ್ಲ.

ನಿಮಗೆ ಬೇಕಾದದ್ದು ಡಕ್ಟ್ (ಕೇಬಲ್ ಹಾಯಿಸುವ ಕೊಳವೆದಾರಿ) ಮತ್ತು ಶಿಸ್ತು. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ, ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆ ಮುಂತಾದೆಡೆ ಮಾಡಿದ್ದು ಇದನ್ನೇ: ಕೇಬಲ್‌ಗಳು ಪಾದಚಾರಿ ಮಾರ್ಗದಡಿಯ ಡಕ್ಟಿನಲ್ಲಿ, ಅಲ್ಲಲ್ಲಿ ತೆರೆಯುವ ಚೇಂಬರು.

ಎಲ್ಲಕ್ಕಿಂತ ಆಳದ ಒಳಚರಂಡಿ ಮೊದಲು, ರಸ್ತೆಯ ನಡುವೆ. ಕುಡಿಯುವ ನೀರಿನ ಕೊಳವೆ ಒಂದು ಬದಿಗೆ, ಒಳಚರಂಡಿಯಿಂದ ಸಾಧ್ಯವಾದಷ್ಟು ದೂರ. ಅಡ್ಡ ಹಾಯುವಲ್ಲಿ ನೀರಿನದು ಯಾವಾಗಲೂ ಮೇಲೆ, ಕನಿಷ್ಠ ಅರ್ಧ ಮೀಟರ್ ಅಂತರ. ನೀರು ಬಿಡದ ವೇಳೆಯಲ್ಲಿ ಖಾಲಿ ಕೊಳವೆ ಸುತ್ತಲ ಕೊಳಕನ್ನು ಹೀರಿಕೊಳ್ಳುತ್ತದೆ. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ನೀರಿಗೆ ಚರಂಡಿ ಬೆರೆಯುವುದು ಹೀಗೆಯೇ. ವಿದ್ಯುತ್ ಕೇಬಲ್ ಇನ್ನೊಂದು ಬದಿಗೆ: ಮನೆ ಸಂಪರ್ಕದ್ದು ಮುಕ್ಕಾಲು ಮೀಟರ್, 11 ಕಿಲೊವೋಲ್ಟಿನದು 0.9 ಮೀಟರ್ ಆಳ, ಸುತ್ತ ಮರಳು, ಮೇಲೆ ಇಟ್ಟಿಗೆ ಅಥವಾ ಕಾಂಕ್ರೀಟ್ ಹಲಗೆ. ಪಕ್ಕದಲ್ಲಿ ಇಂಟರ್‌ನೆಟ್‌ಗೆ 110 ಮಿ.ಮೀ.ಯ ನಾಲ್ಕು ಖಾಲಿ ಪೈಪು. ಇಂದು ಒಂದೇ ಸಾಕೆನಿಸುತ್ತದೆ, ಆದರೆ ಪೈಪಿನ ಬೆಲೆ ಕಡಿಮೆ, ಮತ್ತೆ ಅಗೆಯುವ ಬೆಲೆ ಹೆಚ್ಚು. ಮೂವತ್ತರಿಂದ ಐವತ್ತು ಮೀಟರಿಗೊಂದು, ಮತ್ತು ಪ್ರತಿ ತಿರುವಿನಲ್ಲಿ ಚೇಂಬರ್.

ರಸ್ತೆ ಅಗೆಸುವುದು ಹೆಚ್ಚಾಗಿ ದೊಡ್ಡ ಕೊಳವೆಗಳಲ್ಲ, ಎದುರು ಬದಿಯ ಮನೆಯ ಸಂಪರ್ಕ. ಆದ್ದರಿಂದ ಪ್ರತಿ ನಾಲ್ಕು ಸೈಟಿಗೊಂದು ಕಡೆ ರಸ್ತೆಗೆ ಅಡ್ಡಲಾಗಿ 160 ಮತ್ತು 110 ಮಿ.ಮೀ.ಯ ಖಾಲಿ ಸ್ಲೀವ್‌ಗಳನ್ನು, ಒಳಗೆ ನೈಲಾನ್ ಹಗ್ಗ ಎಳೆದು, ಎರಡೂ ತುದಿ ಮುಚ್ಚಿ ಡಾಂಬರಿಗೆ ಮುನ್ನ ಹಾಕಿಬಿಡಿ. ಒಳಚರಂಡಿ, ನೀರಿನ ಸಂಪರ್ಕದ ತುಂಡುಗಳು ಸೈಟಿನ ಗಡಿ ದಾಟಿ ಒಳಗೆ ಬಂದಿರಲಿ. ಕಾಲುವೆ ಮುಚ್ಚುವಾಗ ಒಮ್ಮೆಗೇ ಮಣ್ಣು ತಳ್ಳಿ ಮೇಲೆ ಜೆಸಿಬಿ ಓಡಿಸಿದರೆ ದಮ್ಮಸ್ಸಾಗುವುದಿಲ್ಲ, ಮೊದಲ ಮಳೆಗೆ ರಸ್ತೆಯಲ್ಲಿ ಉದ್ದನೆಯ ತಗ್ಗು ಬೀಳುತ್ತದೆ.

ಮುಚ್ಚುವ ಮುನ್ನ ಫೋಟೊ. ಪ್ರತಿ ತಿರುವು, ಜೋಡಣೆಗೆ ಹತ್ತಿರದ ಎರಡು ಸ್ಥಿರ ಗುರುತುಗಳಿಂದ ಟೇಪ್ ಅಳತೆ, ಜೊತೆಗೆ ಆಳ. ಪ್ಲಾಸ್ಟಿಕ್ ಕೊಳವೆಯ ಜೊತೆ ತಾಮ್ರದ ತಂತಿ ಹಾಕದಿದ್ದರೆ ಮುಂದೆ ಲೊಕೇಟರ್ ಯಂತ್ರಕ್ಕೆ ಅದು ಕಾಣುವುದಿಲ್ಲ. ನೆಲದ ರಾಡಾರ್ ಇದೆಯಲ್ಲ ಎನ್ನಬೇಡಿ, ಒದ್ದೆ ಜೇಡಿಮಣ್ಣಿನಲ್ಲಿ, ಎರೆಮಣ್ಣಿನಲ್ಲಿ ಅದು ಕುರುಡು. ಆಮೇಲೆ ಯಾರೇ ಅಗೆಯಲು ಬಂದರೂ ಕೇಂದ್ರ ಸರ್ಕಾರ 2023ರಲ್ಲಿ ತಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ಮೊದಲು ತಿಳಿಸಲಿ, ಕೈಗುದ್ದಲಿಯಿಂದ ಪರೀಕ್ಷಾ ಗುಂಡಿ ತೋಡಲಿ, ಆಮೇಲೆ ಯಂತ್ರ.

ಪ್ರಶ್ನೆ: ನಾನಿರುವ ಸಿಂಗಪುರದಲ್ಲಿ ಭೂಗತ ಜಾಗಕ್ಕೂ ಯೋಜನೆ ಇದೆ. ಬೆಂಗಳೂರಿನಲ್ಲಿ ನಮ್ಮ ಸೈಟಿನ ಕೆಳಗೆ ಎಷ್ಟು ಆಳದವರೆಗೆ ನಮ್ಮದು?
(ಸಿಂಗಪುರ)

ಉತ್ತರ: ಸಿಂಗಪುರ 2015ರಲ್ಲಿ ಕಾನೂನು ತಿದ್ದಿ, ಹಕ್ಕುಪತ್ರದಲ್ಲಿ ಬೇರೆ ಹೇಳಿರದಿದ್ದರೆ, ಭೂಮಾಲೀಕರ ಹಕ್ಕು ಅಲ್ಲಿನ ಅಧಿಕೃತ ಎತ್ತರದ ಮಟ್ಟದಿಂದ 30 ಮೀಟರ್ ಕೆಳಗಿನವರೆಗೆ ಎಂದು ಗೆರೆ ಎಳೆಯಿತು. ಜಪಾನ್ 2000ದಲ್ಲೇ ಕಾಯ್ದೆ ಮಾಡಿ, ಟೋಕಿಯೊ, ಒಸಾಕಾ, ನಗೋಯಾ ಸುತ್ತಮುತ್ತ 40 ಮೀಟರಿಗಿಂತ ಕೆಳಗೆ, ಅಥವಾ ಕಟ್ಟಡದ ಪಾಯ ಕೂರುವ ಪದರಕ್ಕಿಂತ 10 ಮೀಟರ್ ಕೆಳಗೆ, ಯಾವುದು ಹೆಚ್ಚು ಆಳವೋ ಅಲ್ಲಿಂದ ಮುಂದಿನದನ್ನು ಸಾರ್ವಜನಿಕ ಕಾಮಗಾರಿಗೆ ತೆರೆಯಿತು. ಹೆಲ್ಸಿಂಕಿ ನಗರ 2010ರಲ್ಲಿ ಇಡೀ ಊರಿನ ಭೂಗತ ಮಾಸ್ಟರ್ ಪ್ಲಾನ್ ಒಪ್ಪಿಕೊಂಡಿತು. ನಮ್ಮಲ್ಲಿ ಇಷ್ಟು ಮೀಟರ್ ಎಂಬ ಗೆರೆಯಿಲ್ಲ. ನೆಲದ ಒಡೆತನ ಕೆಳಕ್ಕೂ ಇಳಿಯುತ್ತದೆ ಎಂಬುದೇ ಮೂಲ ತತ್ವ, ಅದರ ಮೇಲೆ ಗಣಿ, ಅಂತರ್ಜಲ, ಮೆಟ್ರೋ ಮುಂತಾದ ಕಾಯ್ದೆಗಳ ಮಿತಿ.

ಗೆರೆ ಎಳೆದ ಮಾತ್ರಕ್ಕೆ ಮೇಲಿನವರು ನಿಶ್ಚಿಂತರೂ ಅಲ್ಲ. 2020ರ ಅಕ್ಟೋಬರಿನಲ್ಲಿ ಟೋಕಿಯೊದ ಚೋಫು ಎಂಬಲ್ಲಿ ಮನೆಗಳ ಮುಂದಿನ ರಸ್ತೆ ಏಕಾಏಕಿ ಕುಸಿಯಿತು. ಅಲ್ಲಿ ಹೆದ್ದಾರಿ ಸುರಂಗ ಕೊರೆಯುತ್ತಿದ್ದದ್ದು 47 ಮೀಟರ್ ಆಳದಲ್ಲಿ, ಕಾಯ್ದೆಯ ಪ್ರಕಾರ ಮೇಲಿನವರನ್ನು ಬಾಧಿಸದ ಆಳದಲ್ಲಿ.

ಹೆಲ್ಸಿಂಕಿಯಂತೆ ನಾವೂ ಬಂಡೆಯೊಳಗೆ ಈಜುಕೊಳ ಕಟ್ಟಬಹುದಲ್ಲ ಎಂದಿದ್ದೀರಿ. ಅಲ್ಲಿನ ಇಟೇಕೆಸ್ಕುಸ್ ಈಜುಕೊಳ 1993ರಿಂದ ಬಂಡೆಯೊಳಗೇ ಇದೆ, ಯುದ್ಧ ಬಂದರೆ 3,800 ಜನರಿಗೆ ಆಶ್ರಯ. ನಮ್ಮ ಬಂಡೆಯೂ ಅಷ್ಟೇ ಗಟ್ಟಿ. ವ್ಯತ್ಯಾಸ ಅದರ ಮೇಲಿನ ಹೊದಿಕೆಯಲ್ಲಿ. ಅಲ್ಲಿ ಹಿಮಯುಗದ ಹಿಮರಾಶಿ ಮೇಲ್ಪದರವನ್ನೆಲ್ಲ ಹೆರೆದು ಒಯ್ದಿದೆ, ಬಂಡೆ ಮೇಲೆಯೇ ಸಿಗುತ್ತದೆ. ಇಲ್ಲಿ ಬಿಸಿಲು–ಮಳೆಗೆ ಕೊಳೆತ ಬಂಡೆಯ ಪದರ ಹತ್ತಾರು ಮೀಟರ್, ಅದೂ ಒಂದು ಬೀದಿಯಿಂದ ಇನ್ನೊಂದಕ್ಕೆ ಬೇರೆ. ನಮಗೆ ಗುಹೆಗಿಂತ ಮೊದಲು ಬೇಕಿರುವುದು ಬಂಡೆ ಎಲ್ಲಿ ಎಷ್ಟು ಆಳದಲ್ಲಿದೆ ಎಂಬ ನಕ್ಷೆ. ಪ್ರತಿ ಕಟ್ಟಡದ ಮಣ್ಣು ಪರೀಕ್ಷೆ ವರದಿಯನ್ನೂ ಒಂದೆಡೆ ಸೇರಿಸಿದರೆ ಅದು ತಾನೇ ತಯಾರಾಗುತ್ತದೆ. ಈಗ ಆ ವರದಿಗಳು ಕಂಟ್ರಾಕ್ಟರ ಬೀರುವಿನಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ.

ಪ್ರಶ್ನೆ: ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ಮೇಲೆ ಜಾಗವೇ ಬೇಡವಂತೆ, ನಿಜವೇ?
(ಮಲ್ಲೇಶ್ವರ, ಬೆಂಗಳೂರು)

ಉತ್ತರ: ನಡುವೆ ಬೇಡ, ಬಾಯಿಗಳಲ್ಲಿ ಬೇಕು. ವಾಹನ ಏರಬಲ್ಲ ಇಳಿಜಾರು 20ಕ್ಕೆ ಒಂದು ಎಂದಿಟ್ಟುಕೊಂಡರೆ 30 ಮೀಟರ್ ಆಳದ ರಸ್ತೆಗೆ 600 ಮೀಟರ್ ಉದ್ದದ ರ‍್ಯಾಂಪ್, ಅದರ ಮೇಲ್ತುದಿಯ ಒಂದಷ್ಟು ಭಾಗ ತೆರೆದ ಕಂದಕ. ಪ್ರತಿ ಒಳಬಾಗಿಲು, ಹೊರಬಾಗಿಲಿಗೂ ಹೀಗೆಯೇ. ಹೊಗೆ ಎಳೆಯುವ ಗೋಪುರಗಳು, ಯಂತ್ರ ಇಳಿಸುವ ಶಾಫ್ಟ್‌ಗಳು ಬೇರೆ. ಅವು ಎಲ್ಲಿ ಬರುತ್ತವೆ ಎಂಬುದನ್ನು ನೋಡದೆ ಪರ–ವಿರೋಧ ಮಾತನಾಡಿ ಉಪಯೋಗವಿಲ್ಲ.

ಪ್ರಶ್ನೆ: ರಸ್ತೆಗಿಂತ ತಗ್ಗಿನ ಬೇಸ್‌ಮೆಂಟಿನಲ್ಲಿ ಟ್ಯೂಷನ್ ತರಗತಿ ನಡೆಸಲು ಬಾಡಿಗೆಗೆ ಕೇಳುತ್ತಿದ್ದಾರೆ. ರ‍್ಯಾಂಪ್ ಕೆಳಗೆ ಒಂದು ಪಂಪ್ ಇದೆ, ಸಾಲದೇ?
(ಹುಬ್ಬಳ್ಳಿ)

ಉತ್ತರ: ಪಾರ್ಕಿಂಗಿಗೆ ಅನುಮತಿ ಪಡೆದ ಬೇಸ್‌ಮೆಂಟಿನಲ್ಲಿ ತರಗತಿ ನಡೆಸುವಂತಿಲ್ಲ, ಕೊಡಬೇಡಿ. 2024ರ ಜುಲೈ 27ರಂದು ದೆಹಲಿಯ ಹಳೆ ರಾಜಿಂದರ್ ನಗರದಲ್ಲಿ ಬೇಸ್‌ಮೆಂಟಿನ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಒಂದು ಮೀಟರ್ ಅಗಲದ ಬಾಗಿಲ ಆಚೆ ಅರ್ಧ ಮೀಟರ್ ನೀರು ನಿಂತರೆ ಅದು ಸುಮಾರು 125 ಕಿಲೋ ಒತ್ತುತ್ತದೆ, ಒಂದು ಮೀಟರ್ ನಿಂತರೆ 500 ಕಿಲೋ. ನೀರಿನ ಕಡೆಗೆ ತೆರೆಯುವ ಬಾಗಿಲನ್ನು ಒಳಗಿನಿಂದ ಯಾರೂ ತಳ್ಳಲಾರರು.

ಪಾರ್ಕಿಂಗಿಗಷ್ಟೇ ಇಟ್ಟುಕೊಂಡರೂ ಒಂದು ಪಂಪ್ ಸಾಲದು. ನಿಮ್ಮ ತೆರೆದ ರ‍್ಯಾಂಪ್ 100 ಚದರ ಮೀಟರಿದ್ದು ಗಂಟೆಗೆ 60 ಮಿ.ಮೀ. ಮಳೆ ಸುರಿದರೆ ಬರುವುದು ಆರು ಸಾವಿರ ಲೀಟರ್, ಅದಕ್ಕೆ ಸಣ್ಣ ಪಂಪ್ ಸಾಕು. ಆದರೆ ಬೀದಿಯ ಎರಡು ಸಾವಿರ ಚದರ ಮೀಟರಿನ ನೀರು ಒಳ ತಿರುಗಿದರೆ ಗಂಟೆಗೆ 1,20,000 ಲೀಟರ್. ಹಾಗಾಗಿ ಮೊದಲ ಕೆಲಸ ರ‍್ಯಾಂಪಿನ ಬಾಯಲ್ಲಿ ಉಬ್ಬು: ಬೀದಿಯಲ್ಲಿ ಇದುವರೆಗೆ ನೀರು ಏರಿದ ಮಟ್ಟಕ್ಕಿಂತ ಅರ್ಧ ಅಡಿ ಮೇಲೆ, ಎರಡೂ ಬದಿ ಇಳಿಜಾರು ನಿಧಾನವಾಗಿರಲಿ, ಕಾರಿನ ತಳ ತಾಗಬಾರದು. ಅದರ ಹಿಂದೆ ಪೂರ್ತಿ ಅಗಲಕ್ಕೆ ಜಾಲರಿ ಮುಚ್ಚಿದ ಅಡ್ಡ ಚರಂಡಿ. ಕೆಳಗೆ ಒಂದು ಓಡುವ ಪಂಪ್, ಒಂದು ಹೆಚ್ಚುವರಿ, ಎರಡೂ ಜನರೇಟರ್ ಲೈನಿನಲ್ಲಿ, ಸ್ವಿಚ್ ಬೋರ್ಡು ನೆಲಮಹಡಿಯಲ್ಲಿ. ಹೊರಹಾಕುವ ಪೈಪನ್ನು ಉಬ್ಬಿನ ಮಟ್ಟಕ್ಕಿಂತ ಮೇಲೆತ್ತಿ ಬಾಗಿಸಿ ಮೋರಿಗೆ ಇಳಿಸಿ, ಇಲ್ಲದಿದ್ದರೆ ಮೋರಿ ತುಂಬಿದಾಗ ಅದೇ ಪೈಪಿನಲ್ಲಿ ನೀರು ವಾಪಸ್ ಬರುತ್ತದೆ. ಬೇಸ್‌ಮೆಂಟಿನ ಶೌಚಾಲಯವನ್ನು ನೇರವಾಗಿ ಬೀದಿಯ ಯುಜಿಡಿಗೆ ಜೋಡಿಸಿದ್ದರೆ ಅದನ್ನೂ ತಪ್ಪಿಸಿ. ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡ ದಿನ ಇಡೀ ಬೀದಿಯ ಕೊಳಚೆ ಉಕ್ಕುವುದು ಎಲ್ಲಕ್ಕಿಂತ ತಗ್ಗಿನ ಕಮೋಡಿನಲ್ಲಿ. ಅದನ್ನು ಸಣ್ಣ ತೊಟ್ಟಿಗೆ ಬಿಟ್ಟು, ವಾಪಸ್ ತಡೆಯುವ ವಾಲ್ವ್ ಇರುವ ಪಂಪಿನಿಂದ ಮೇಲೆತ್ತಿ ಕಳಿಸಬೇಕು. ಮೇ ತಿಂಗಳಲ್ಲಿ ಫ್ಲೋಟ್ ಸ್ವಿಚ್ಚನ್ನು (ನೀರು ಏರಿದಾಗ ತೇಲಿ ಪಂಪ್ ಓಡಿಸುವುದು) ಕೈಯಿಂದ ಎತ್ತಿ ಎರಡೂ ಪಂಪ್ ಓಡುತ್ತವೆಯೇ ನೋಡಿ. ಏಳು ತಿಂಗಳು ನಿಂತ ಪಂಪಿನ ಶಾಫ್ಟ್ ತುಕ್ಕಿಗೆ ಹಿಡಿದುಕೊಂಡಿರುವುದೇ ಹೆಚ್ಚು.